ಪದಚರ್ಚೆ: ನಕ್ಷೆ ‘ಲೋಡ್’ ಆಗದಿದ್ದರೆ ಬರಲಿಲ್ಲ ಅನ್ನಬೇಕೇ, ಬಿಡಲಿಲ್ಲ ಅನ್ನಬೇಕೇ, ಮೂಡಲಿಲ್ಲ ಅನ್ನಬೇಕೇ?

ಬಳಗದ ಎಲ್ಲರಿಗೂ ನಮಸ್ಕಾರ.

ಮೈಸೂರಿನಲ್ಲಿ ಕೂತು ನಾವು ಮೂರು ಜನ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರಿಗಾಗಿ ಒಂದು ವೆಬ್ ಆ್ಯಪ್ ಮಾಡುತ್ತಿದ್ದೇವೆ. ಸರ್ವೆ ನಂಬರ್ ಕೊಟ್ಟರೆ ಜಮೀನು ನಕ್ಷೆಯ ಮೇಲೆ ಕಾಣಬೇಕು. ನಾಟಿಯ ತಾರೀಖು, ತಳಿ, ಕಟಾವಿನ ಸರದಿ ಇವನ್ನೆಲ್ಲ ಅಲ್ಲೇ ಬರೆದಿಡುವಂತಿರಬೇಕು. ಪರದೆಯ ಮೇಲಿನ ಬರಹವೆಲ್ಲ ಕನ್ನಡದಲ್ಲೇ ಇದೆ, ಅದನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಒಂದು ಸಾಲು ನನ್ನನ್ನು ಎಡವಿಸಿದೆ.

ನಕ್ಷೆ ತೆರೆಯದಿದ್ದಾಗ ತೋರಿಸಲೆಂದು ‘ಲೋಡ್ ವಿಫಲವಾಗಿದೆ’ ಎಂದು ಬರೆದಿದ್ದೆ. ಪಾಂಡವಪುರದ ಕಡೆ ಇರುವ ನಮ್ಮ ದೊಡ್ಡಪ್ಪನವರ ಮೊಬೈಲಿನಲ್ಲಿ ಪರೀಕ್ಷೆಗೆ ಹಾಕಿಕೊಟ್ಟು ಬಂದೆ. ಎರಡು ದಿನ ಬಿಟ್ಟು ಫೋನ್ ಬಂತು.

“ಯಾಕ್ಲಾ ಮಗ, ನಮ್ ಲೋಡು ವಿಫಲ ಅಂತ ಬಂದದಲ್ಲ! ಕಬ್ಬು ಇನ್ನೂ ಗದ್ದೇಲೇ ನಿಂತದೆ, ಅದೆಂಗ್ಲಾ ವಿಫಲ ಆಯ್ತದೆ?”

“ದೊಡ್ಡಪ್ಪ, ಅದು ಕಬ್ಬಿನ ಲೋಡಲ್ಲ, ನಕ್ಷೆಯ ಲೋಡು” ಅಂದೆ. “ನಕ್ಷೆಗೆಂತಾ ಲೋಡ್ಲಾ?” ಅಂದರು. ಉತ್ತರ ಹೊಳೆಯಲಿಲ್ಲ.

ತಪ್ಪು ಪೂರ್ತಿ ನನ್ನದೇ. ಕಬ್ಬಿನ ನಾಡಿನಲ್ಲಿ ಲೋಡು ಅಂದರೆ ಲಾರಿ ಇಲ್ಲವೇ ಟ್ರ್ಯಾಕ್ಟರ್ ತುಂಬಿದ ಕಬ್ಬು. ‘ಲೋಡ್ ಹೋಯ್ತು’, ‘ಎಷ್ಟು ಲೋಡಾಯ್ತು’ ಎಂಬ ಮಾತು ಕಟಾವಿನ ಕಾಲದಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ವರ್ಷದ ಬೆವರೆಲ್ಲ ಒಂದು ಲೋಡಿನ ತೂಕದಲ್ಲಿ ನಿಂತಿರುವವರಿಗೆ ‘ಲೋಡ್ ವಿಫಲ’ ಎಂದು ತೋರಿಸಿದರೆ ಎದೆ ಧಸಕ್ಕೆನ್ನದೆ ಇರುತ್ತದೆಯೇ? ‘ಲೋಡ್’ ಕನ್ನಡದ ಪದವಲ್ಲ ಎಂಬುದು ನನ್ನ ತಕರಾರಲ್ಲ. ಅದು ಆಗಲೇ ಕನ್ನಡವಾಗಿ, ಬೇರೆ ಅರ್ಥ ಹೊತ್ತು ನಿಂತಿದೆ ಎಂಬುದೇ ತೊಡಕು.

ಸರಿ, ಪದ ಬದಲಿಸೋಣ ಎಂದು ಕೂತಾಗ ಇನ್ನೊಂದು ಸಂಗತಿ ಕಂಡಿತು. ಒಂದೇ ವಾರದಲ್ಲಿ ಮೂರು ಕಡೆಯಿಂದ ‘ನಕ್ಷೆ ಲೋಡ್ ಆಗ್ತಿಲ್ಲ’ ಎಂಬ ದೂರು ಬಂದಿತ್ತು. ಹುಡುಕುತ್ತಾ ಹೋದರೆ ಮೂರಕ್ಕೂ ಮೂರು ಬೇರೆ ಕಾರಣ. ದೊಡ್ಡಪ್ಪನವರದು ನಾಲೆ ಏರಿಯ ಮೇಲೆ ಸಿಗ್ನಲ್ ಸಾಲದೆ ಅರ್ಧ ನಕ್ಷೆ ಬಂದು, ಉಳಿದರ್ಧ ಬೂದಿ ಬಣ್ಣದಲ್ಲೇ ನಿಂತದ್ದು. ಎರಡನೆಯದು, ಆ್ಯಪನ್ನು ಪರೀಕ್ಷೆಯ ವಿಳಾಸದಿಂದ ಅಸಲಿ ವಿಳಾಸಕ್ಕೆ ಸಾಗಿಸಿದ ದಿನದ್ದು. ನಕ್ಷೆ ಕೊಡುವವರಿಂದ ಪಡೆದ ಕೀಲಿಯನ್ನು (ನಕ್ಷೆ ಕೇಳುವಾಗ ಜೊತೆಗೆ ಕಳಿಸಬೇಕಾದ ಗುರುತಿನ ಸಂಕೇತ) ಹಳೆಯ ವಿಳಾಸಕ್ಕೆ ಮಾತ್ರ ಸೀಮಿತ ಮಾಡಿಟ್ಟಿದ್ದೆವು. ಹೊಸ ವಿಳಾಸದಿಂದ ಕೇಳಿದಾಗ ಅವರ ಸರ್ವರ್ ಕೊಡುವುದಿಲ್ಲ ಅಂದಿತು. ಬ್ರೌಸರಿನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಭಾಗ ನೋಡಿದರೆ ಸಾಲು ಸಾಲಾಗಿ 403, ಅಂದರೆ ‘ಅನುಮತಿ ಇಲ್ಲ’ ಎಂಬ ಸರ್ವರಿನ ಉತ್ತರ. ಮೂರನೆಯದು ಇವೆರಡೂ ಅಲ್ಲ. ನಕ್ಷೆಯೇನೋ ಬಂದಿತ್ತು, ಯಾರೂ ತಡೆದಿರಲಿಲ್ಲ. ಆದರೆ ಪುಟದಲ್ಲಿ ಅದನ್ನು ಕೂರಿಸುವ ಪೆಟ್ಟಿಗೆ ಮುಚ್ಚಿದ ಟ್ಯಾಬಿನೊಳಗಿತ್ತು. ನಕ್ಷೆ ಹುಟ್ಟುವ ಹೊತ್ತಿಗೆ ಆ ಪೆಟ್ಟಿಗೆಯ ಅಳತೆ ಸೊನ್ನೆ. ಟ್ಯಾಬ್ ತೆರೆದಾಗ ಎಡಮೂಲೆಯಲ್ಲಿ ಒಂದು ಚೂರು, ಉಳಿದದ್ದು ಖಾಲಿ. ವೆಬ್ ಪುಟದಲ್ಲಿ ನಕ್ಷೆ ತೋರಿಸಲು ನಾವು ಬಳಸುವ ಲೀಫ್ಲೆಟ್ ಎಂಬ ತಂತ್ರಾಂಶದಲ್ಲಿ ಟ್ಯಾಬ್ ತೆರೆದ ಮೇಲೆ ‘ಇನ್‌ವ್ಯಾಲಿಡೇಟ್‌ಸೈಜ್’ ಎಂದು ಕರೆದರೆ ಅದು ಮತ್ತೆ ಅಳೆದುಕೊಂಡು ಸರಿಯಾಗುತ್ತದೆ. ಪೆಟ್ಟಿಗೆಗೆ ಎತ್ತರ ಕೊಡುವುದನ್ನೇ ಮರೆತರೂ ಹೀಗೆಯೇ. ಯಾವ ದೋಷವೂ ವರದಿಯಾಗುವುದಿಲ್ಲ, ಕಣ್ಣಿಗೆ ಮಾತ್ರ ಏನೂ ಇರುವುದಿಲ್ಲ.

ಈ ಮೂರಕ್ಕೂ ನಾನು ತೋರಿಸುತ್ತಿದ್ದದ್ದು ಒಂದೇ ಸಾಲು.

ದಾರಿ ತೋರಿಸಿದವರು ಮತ್ತೆ ದೊಡ್ಡಪ್ಪನವರೇ. ಅವರಿಗದು ಗೊತ್ತೂ ಇಲ್ಲ. ಅವರ ಗದ್ದೆ ವಿಶ್ವೇಶ್ವರಯ್ಯ ನಾಲೆಯ ನೀರು ನೆಚ್ಚಿದ್ದು. ಗದ್ದೆಯಲ್ಲಿ ನೀರಿಲ್ಲದಿದ್ದರೆ ಅವರು ‘ನೀರು ವಿಫಲ’ ಅನ್ನುವುದಿಲ್ಲ. ‘ನೀರು ಬಿಟ್ಟಿಲ್ಲ’ ಅನ್ನುತ್ತಾರೆ, ‘ನೀರು ಬಂದಿಲ್ಲ’ ಅನ್ನುತ್ತಾರೆ, ‘ನೀರು ಏರಿಲ್ಲ’ ಅನ್ನುತ್ತಾರೆ. ಮೂರೂ ಬೇರೆ. ಬಿಟ್ಟಿಲ್ಲ ಅಂದರೆ ಕನ್ನಂಬಾಡಿ ಕಟ್ಟೆಯ ಕಡೆಯೇ ಕೇಳಬೇಕು. ಬಂದಿಲ್ಲ ಅಂದರೆ ಬಿಟ್ಟಿದ್ದಾರೆ, ದಾರಿಯಲ್ಲೆಲ್ಲೋ ತಡೆದಿದೆ, ತೂಬಿನವರೆಗೆ ನಡೆದು ನೋಡಬೇಕು. ಏರಿಲ್ಲ ಅಂದರೆ ನೀರು ಬದುವಿನ ಪಕ್ಕಕ್ಕೇ ಬಂದಿದೆ, ತನ್ನ ಗದ್ದೆಯೇ ಎತ್ತರದಲ್ಲಿದೆ, ತಾನೇ ಸರಿಮಾಡಿಕೊಳ್ಳಬೇಕು. ಕೊನೆಯ ಕ್ರಿಯಾಪದ ಕೇಳಿದ ಕೂಡಲೇ ದೋಷ ಎಲ್ಲಿದೆ ಎಂದು ಕೇಳಿದವನಿಗೆ ತಿಳಿಯುತ್ತದೆ. ನಮ್ಮ 403, ಸಿಗ್ನಲ್ ಮತ್ತು ಸೊನ್ನೆ ಎತ್ತರದ ಪೆಟ್ಟಿಗೆ, ಮೂರೂ ಇಲ್ಲಿವೆ.

ಹಾಗಾಗಿ ಹೀಗೆ ಬದಲಿಸಬೇಕೆಂದಿದ್ದೇನೆ. ಕಾಯುವಾಗ ‘ನಕ್ಷೆ ಬರುತ್ತಿದೆ’. ಸಿಗ್ನಲ್ ಸಾಲದಿದ್ದರೆ ‘ನಕ್ಷೆ ಪೂರ್ತಿ ಬರಲಿಲ್ಲ, ಸಿಗ್ನಲ್ ಇರುವ ಕಡೆ ನಿಂತು ಮತ್ತೆ ನೋಡಿ’. ಕೀಲಿಯ ತೊಂದರೆಗೆ ‘ನಕ್ಷೆ ಬಿಡುತ್ತಿಲ್ಲ, ಇದು ನಮ್ಮ ಕಡೆಯ ತೊಂದರೆ’. ನೀರು ಬಿಡುವುದು, ಬಸ್ಸು ಬಿಡುವುದು, ಒಳಗೆ ಬಿಡುವುದು ಇರುವಾಗ ನಕ್ಷೆ ಬಿಡುವುದೂ ಸಲ್ಲುತ್ತದೆ ಎಂದು ನನ್ನ ಕಿವಿ ಹೇಳುತ್ತದೆ. ಪಟ, ರೈಲು ಬಿಡುವ ಮಾತೂ ನೆನಪಾಗಿ ಸ್ವಲ್ಪ ಅಳುಕು.

ಮೂರನೆಯದಕ್ಕೆ ‘ಏರಿಲ್ಲ’ ಒಗ್ಗುವುದಿಲ್ಲ. ‘ಮೂಡಲಿಲ್ಲ’ ಎಂದು ಹಾಕಿಕೊಂಡಿದ್ದೇನೆ. ಅಚ್ಚು ಮೂಡುತ್ತದೆ, ಬಣ್ಣ ಮೂಡುತ್ತದೆ, ಮೊಳಕೆ ಮೂಡುತ್ತದೆ. ಸಾಮಗ್ರಿ ಇದ್ದೂ ರೂಪ ಕಾಣದಿರುವುದಕ್ಕೆ ಇದಕ್ಕಿಂತ ಒಳ್ಳೆಯ ಮಾತು ನನಗೆ ಸಿಗಲಿಲ್ಲ. ಆದರೆ ಇಲ್ಲೇ ನನ್ನ ಮುಖ್ಯ ಅನುಮಾನ. ಮಂಡ್ಯದ ಹಳ್ಳಿಗಳಲ್ಲಿ ಮೂಡ್ಲು, ಪಡುವ್ಲು, ತೆಂಕ್ಲು, ಬಡಗ್ಲು ಇನ್ನೂ ದಿನಬಳಕೆಯಲ್ಲಿವೆ. ಜಮೀನಿನ ಚೆಕ್ಕುಬಂದಿ ಹೇಳುವುದೇ ಹಾಗೆ, ಮೂಡಲಿಗೆ ಇಂಥವರ ಗದ್ದೆ, ಪಡುವಲಿಗೆ ನಾಲೆ ಎಂದು. ಸೂರ್ಯ ಮೂಡುವ ದಿಕ್ಕು ಮೂಡಲು, ಎರಡೂ ಒಂದೇ ಬೇರಿನವು. ನಕ್ಷೆಯ ಮೇಲೆ ‘ಮೂಡಲಿಗೆ’ ಎಂಬ ಗುರುತು ಇರುವಾಗ ಪಕ್ಕದಲ್ಲೇ ‘ನಕ್ಷೆ ಮೂಡಲಿಲ್ಲ’ ಎಂದಿದ್ದರೆ, ಅವಸರದಲ್ಲಿ ಓದುವವರು ‘ಮೂಡಲಲ್ಲಿ ಇಲ್ಲ’ ಎಂದು ತಿಳಿದಾರೇ?

ಹಾಗೆಯೇ ಇಂಗ್ಲಿಷಿನಲ್ಲಿ ಟೈಲ್ ಅನ್ನುವುದಕ್ಕೆ ಒಂದು ಪದ ಬೇಕು. ಇಂಥ ನಕ್ಷೆ ಒಂದೇ ಹಾಳೆಯಾಗಿ ಬರುವುದಿಲ್ಲ. 256 ಪಿಕ್ಸೆಲ್ ಉದ್ದಗಲದ ಚೌಕ ಚೂರುಗಳಾಗಿ ಬಂದು ಪಕ್ಕಪಕ್ಕ ಕೂರುತ್ತದೆ. ಜೂಮ್ ಸೊನ್ನೆಯಲ್ಲಿ ಇಡೀ ಜಗತ್ತು ಒಂದೇ ಚೂರು, ಒಂದೊಂದು ಹಂತಕ್ಕೂ ಒಂದು ಚೂರು ನಾಲ್ಕಾಗುತ್ತದೆ. ಜೂಮ್ 18ರಲ್ಲಿ ಮಂಡ್ಯದ ಮೇಲೆ ಒಂದು ಚೂರಿನ ವಿಸ್ತೀರ್ಣ ಸುಮಾರು ಐದೂವರೆ ಎಕರೆ. ಇದಕ್ಕೆ ‘ಹೆಂಚು’ ಹಾಕಿದವರಿದ್ದಾರೆ. ನಮ್ಮ ಕಡೆ ಹೆಂಚು ಅಂದರೆ ಸೂರು, ಇಲ್ಲವೇ ರೊಟ್ಟಿ ಸುಡುವುದು. ಅಲ್ಲದೆ ಸೂರಿನ ಹೆಂಚು ಒಂದರ ಮೇಲೊಂದು ಹತ್ತಿ ಕೂರುತ್ತದೆ, ಇವು ಹತ್ತುವುದಿಲ್ಲ. ‘ಅಂಕಣ’ ನನಗೆ ಬಹಳ ಇಷ್ಟ, ಹಳೇ ಮೈಸೂರಿನಲ್ಲಿ ಮನೆಯ ಅಳತೆಯೇ ಅಂಕಣದ್ದು. ಆದರೆ ಈಗದು ಪತ್ರಿಕೆಯವರ ಪಾಲಾಗಿದೆ. ಚೌಕಾಬಾರದಲ್ಲಿ ಒಂದೊಂದು ಚೌಕವೂ ‘ಮನೆ’. ಐದೈದರ ಇಪ್ಪತ್ತೈದು ಮನೆ, ಪ್ರತಿಯೊಂದಕ್ಕೂ ತನ್ನ ಜಾಗ. ಟೈಲ್‌ನ ಸ್ವಭಾವ ಇದೇ, ಅದನ್ನು ಗುರುತಿಸುವುದೂ ಇಷ್ಟನೇ ಅಡ್ಡಸಾಲು ಇಷ್ಟನೇ ಕಂಬಸಾಲು ಎಂದು. ಆದರೆ ನಕ್ಷೆಯ ಮೇಲೆ ‘ಎರಡು ಮನೆ ಬರಲಿಲ್ಲ’ ಎಂದರೆ ರೈತ ತನ್ನ ಮನೆಯನ್ನೇ ಹುಡುಕುತ್ತಾನೆ. ಕೊನೆಗೆ ಕುಂಟೆಬಿಲ್ಲೆಯ ‘ಬಿಲ್ಲೆ’ಯ ಹತ್ತಿರ ನಿಂತಿದ್ದೇನೆ. ಕರ್ಪೂರದ ಬಿಲ್ಲೆಯಂತೆ ಚಿಕ್ಕದು, ಚಪ್ಪಟೆ, ಎಣಿಸಬಹುದು. ಇದು ನಮ್ಮ ಕೆಲಸದ ಟಿಪ್ಪಣಿಗಳಿಗಷ್ಟೇ, ರೈತರ ಪರದೆಗೆ ಇದರ ಅಗತ್ಯವಿಲ್ಲ.

‘ಭೂಪಟ’ವೋ ‘ನಕ್ಷೆ’ಯೋ ಎಂಬ ಚರ್ಚೆ ಬೇಡವೆಂದುಕೊಂಡಿದ್ದೇನೆ. ಸರ್ವೆ ಕಚೇರಿಯ ಗ್ರಾಮನಕ್ಷೆ ಕಂಡವರಿಗೆ ನಕ್ಷೆಯೇ ಮನೆಮಾತು.

ಉಳಿದದ್ದು ನಾಲ್ಕನೆಯ ಬಗೆಯ ಕೆಡುಕು. ಮಂಡ್ಯದ ಅಕ್ಷಾಂಶ ಸುಮಾರು 12.5, ರೇಖಾಂಶ 76.9. ಲೀಫ್ಲೆಟ್ ಅಕ್ಷಾಂಶವನ್ನು ಮೊದಲು ಕೇಳುತ್ತದೆ, ಜಾಗಗಳ ವಿವರ ಬರೆದಿಡುವ ಜಿಯೋಜೇಸನ್ ಕಡತದಲ್ಲಿ ರೇಖಾಂಶ ಮೊದಲು. ಎರಡೂ ಅದಲು ಬದಲಾದರೆ ಮಂಡ್ಯದ ಕಬ್ಬಿನ ಗದ್ದೆ ಉತ್ತರ ಧ್ರುವದ ಕಡೆ, ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಕಡಲಿನಲ್ಲಿ ಬೀಳುತ್ತದೆ. ಪರದೆ ತುಂಬ ನೀಲಿ. ನೋಡಿದವರು ನಕ್ಷೆಯೇ ಬಂದಿಲ್ಲ ಅನ್ನುತ್ತಾರೆ. ಅಲ್ಲಿ ನಕ್ಷೆ ಬಂದಿದೆ, ಮೂಡಿಯೂ ಇದೆ, ಊರು ಮಾತ್ರ ಇಲ್ಲ. ಕರ್ನಾಟಕದ ಅಕ್ಷಾಂಶ 11ರಿಂದ 19ರೊಳಗೆ, ರೇಖಾಂಶ 74ರಿಂದ 79ರೊಳಗೆ ಇರುವುದರಿಂದ ಈ ಮಿತಿ ದಾಟಿದರೆ ಆ್ಯಪೇ ಎಚ್ಚರಿಸುವಂತೆ ಮಾಡಿದ್ದೇನೆ. ಸದ್ಯಕ್ಕೆ ಸಾಲು ‘ಜಾಗ ತಪ್ಪಿದೆ’ ಎಂದಿದೆ. ‘ನೆಲೆ ತಪ್ಪಿದೆ’ ಅಂದರೆ ಮನುಷ್ಯರ ಬಾಳಿನ ಮಾತಾಗಿಬಿಡುತ್ತದೆ ಎಂದು ಬಿಟ್ಟೆ.

‘ನಕ್ಷೆ ಬಿಡುತ್ತಿಲ್ಲ’ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಮದ್ದೂರು, ನಾಗಮಂಗಲ, ಕೆ.ಆರ್.ಪೇಟೆ ಕಡೆಯವರು ‘ಮೂಡಲಿಲ್ಲ’ವನ್ನು ಹೇಗೆ ಓದಿಕೊಳ್ಳುತ್ತೀರಿ? ನಾಲೆ ಬಯಲಿನಲ್ಲಿ ಬಿಟ್ಟಿಲ್ಲ, ಬಂದಿಲ್ಲ, ಏರಿಲ್ಲ ಅಲ್ಲದೆ ಇನ್ನೂ ಬೇರೆ ಮಾತು ಇದ್ದರೆ ದಯವಿಟ್ಟು ಬರೆಯಿರಿ. ಶನಿವಾರ ಊರಿಗೆ ಹೋಗುತ್ತಿದ್ದೇನೆ, ತಿದ್ದಿದ ಸಾಲುಗಳನ್ನು ದೊಡ್ಡಪ್ಪನವರ ಕೈಗೆ ಕೊಟ್ಟು ಓದಿಸಬೇಕು.