ರಾತ್ರಿ ಬಂದು ಎರಡೇ ಮಾತ್ರೆ ಕೇಳೋ ಅಕ್ಕಂದಿರಿಗೆ ಏನ್ ಹೇಳ್ಲಿ?

ಮೆಡಿಕಲ್ಸ್ ಹುಡುಗ:
ನಮ್ಮ ಮೆಡಿಕಲ್ ಶಾಪು ಬಸ್ ಸ್ಟ್ಯಾಂಡ್ ಎದುರುಗಡೆ, ರಾತ್ರಿ ಹತ್ತೂವರೆ ತನಕ ನಾನೇ ಇರ್ತೀನಿ. ಸೆಕ್ಸ್ ವರ್ಕ್ ಮಾಡೋ ನಾಲ್ಕೈದು ಜನ ಅಕ್ಕಂದಿರು ಬರ್ತಾರೆ, ಚೀಟಿ ಇರಲ್ಲ, "ಹೋದ್ಸಲ ಕೊಟ್ರಲ್ಲ ಅದೇ ಕೊಡಿ" ಅಂತಾರೆ. ಉರಿ, ಬಿಳಿ ಹೋಗೋದು, ಕೆಳಹೊಟ್ಟೆ ನೋವು, ಎಲ್ಲಕ್ಕೂ ಅದೇ ಎರಡು ಆಂಟಿಬಯಾಟಿಕ್ (ಅದ್ರಲ್ಲಿ ಒಂದು ಸೆಫಿಕ್ಸಿಮ್), ಒಂದು ನೋವಿನ ಮಾತ್ರೆ. ಕೊಡಲ್ಲ ಅಂದ್ರೆ ಪಕ್ಕದ ಅಂಗಡಿಗೆ ಹೋಗ್ತಾರೆ. ಒಬ್ರು ಮೂರು ತಿಂಗಳಲ್ಲಿ ನಾಲ್ಕನೇ ಸಲ ಬಂದ್ರು, ಮುಖ ನೋಡಿದ್ರೇ ಜ್ವರ ಇದೆ ಅಂತ ಗೊತ್ತಾಗ್ತಿತ್ತು, ಅವತ್ತು ನಂಗೆ ನಿದ್ದೆ ಬರ್ಲಿಲ್ಲ. ಅವರಿಗೆ ಬೇಜಾರಾಗದ ಹಾಗೆ ಆಸ್ಪತ್ರೆಗೆ ಹೋಗಿ ಅಂತ ಹೇಗೆ ಹೇಳೋದು?

ಮಲ್ಲಿಗಿ ದಂಡಿ:
ಅಣ್ಣಾರ, ನಾ ಅದ ಕೆಲಸದಾಗ ಹನ್ನೊಂದು ವರ್ಷ ಇದ್ದಾಕಿ. ದವಾಖಾನ್ಯಾಗ ಮುಂಜಾನೆ ಒಂಬತ್ತಕ್ಕ ಪಾಳಿ ಹಚ್ಚಬೇಕು, ನಾವ್ ಮನಿ ಸೇರೂದ ರಾತ್ರಿ ಎರಡಕ್ಕ. ಪಾಳಿ ಬಂದ್ರ ಗಂಡನ್ನ ಕರ್ಕೊಂಡ್ ಬಾ ಅಂತಾರ, ಎಲ್ಲಿಂದ ತರೂನು? ಖರೆ ಹೇಳಿದ್ರ ಅಲ್ಲಿ ಕುಂತಾವ್ರೆಲ್ಲಾ ತಿರುಗಿ ನೋಡ್ತಾರ. ನಿಮ್ಮ ಅಂಗಡ್ಯಾಗ ಯಾರೂ ಏನೂ ಕೇಳಂಗಿಲ್ಲ, ಅದಕ್ಕ ಬರ್ತೀವಿ. ನನಗ ಒಮ್ಮೆ ಕೆಳಗ ಹುಣ್ಣಾಗಿತ್ತು, ನೋವಿಲ್ಲ ಏನಿಲ್ಲ, ಮುಲಾಮು ಹಚ್ಚಿದೆ, ತಿಂಗಳದಾಗ ಹೋತು, ಆರಾಮಾತು ಅಂತ ಬಿಟ್ಟೆ. ಆಮ್ಯಾಲ ರಕ್ತ ಪರೀಕ್ಷೆ ಮಾಡಿಸಿದಾಗ ಸಿಫಿಲಿಸ್ ಅಂದ್ರು.

ಕೌನ್ಸೆಲರ್ ಅಕ್ಕ:
ನಾವು ದಿನಾ ನೋಡೋದು ಇದನ್ನೇ. ಸಿಫಿಲಿಸ್ ಹುಣ್ಣು ತಾನಾಗೇ ಮಾಯುತ್ತೆ ಆದ್ರೆ ರೋಗ ರಕ್ತದಲ್ಲೇ ಉಳಿಯುತ್ತೆ, ಹೆಸರು ಮಾತ್ರ ಮುಲಾಮಿಗೆ ಬರುತ್ತೆ. ಅದಕ್ಕೆ ಬೇಕಾಗಿರೋದು ಪೆನಿಸಿಲಿನ್ ಇಂಜೆಕ್ಷನ್. ಅದೇ ಥರ ಲೈಂಗಿಕ ಸಂಪರ್ಕದಿಂದ ಹರಡೋ ಗೊನೋರಿಯಾ, ಕ್ಲಮೈಡಿಯಾ ಬಂದ ಎಷ್ಟೋ ಹೆಂಗಸರಿಗೆ ಲಕ್ಷಣಾನೇ ಇರಲ್ಲ, ಹಾಗಾಗಿ ಉರಿ ಬಂದಾಗ ನೋಡೋಣ ಅಂತ ಕೂತ್ರೆ ಆಗಲ್ಲ, ಏನಿಲ್ಲದಿದ್ರೂ ಮೂರು ತಿಂಗಳಿಗೊಮ್ಮೆ ಚೆಕಪ್ ಮಾಡಿಸ್ಬೇಕು. ಜಿಲ್ಲಾಸ್ಪತ್ರೆಗಳಲ್ಲಿ ಇಂಥಾ ಸೋಂಕುಗಳಿಗೇ ಅಂತ ಸುರಕ್ಷಾ ಕ್ಲಿನಿಕ್ ಇರುತ್ತೆ, ಅಲ್ಲಿ ಕಲರ್ ಕಲರ್ ಕಿಟ್‌ನಲ್ಲಿ ಔಷಧಿ ಫ್ರೀ, ಗ್ರೇ ಕಿಟ್ ಒಂದೇ ಸಲ ನುಂಗೋದು, ಕೆಳಹೊಟ್ಟೆ ನೋವಿನ ಹಳದಿ ಕಿಟ್ ಆದ್ರೆ 14 ದಿನದ್ದು, ಅಂಥಾ ಕಡೆ ನಿಮ್ಮ ಎರಡು ಮಾತ್ರೆ ಏನು ಮಾಡುತ್ತೆ ಹೇಳಿ. ಕಾಯಂ ಪಾರ್ಟ್ನರ್‌ಗೂ ಔಷಧಿ ಕೊಡ್ಬೇಕು ಇಲ್ಲಾಂದ್ರೆ ಮತ್ತೆ ಅಂಟುತ್ತೆ. ಡೆಟಾಲ್ ಹಾಕಿ ಒಳಗೆ ತೊಳೀಬೇಡಿ ಅಂತಾನೂ ಹೇಳಿ, ತುಂಬಾ ಜನ ಮಾಡ್ತಾರೆ.

ಇನ್ನೊಂದು, ಸೆಫಿಕ್ಸಿಮ್ ಶೆಡ್ಯೂಲ್ ಎಚ್1 ಅನ್ನೋ ಕಟ್ಟುನಿಟ್ಟಿನ ಔಷಧಿ ಪಟ್ಟಿಲಿದೆ ತಮ್ಮಾ, ಚೀಟಿ ಇಲ್ದೆ ಕೊಡೋ ಹಾಗೇ ಇಲ್ಲ, ರಿಜಿಸ್ಟರ್ ಬರೀಬೇಕು. ಎಚ್‌ಐವಿ ಟೆಸ್ಟ್ ಹೆದರಿಕೆಗೇ ಎಷ್ಟೋ ಜನ ಬರಲ್ಲ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ದೆ ಟೆಸ್ಟ್ ಮಾಡೋ ಹಾಗಿಲ್ಲ, ರಿಸಲ್ಟ್ ಊರಿಗೆಲ್ಲ ಹೇಳೋ ಹಾಗೂ ಇಲ್ಲ. ಒಬ್ರೇ ಹೋಗೋಕೆ ಭಯ ಆದ್ರೆ ಸಂಘದ ಪೀರ್, ಅಂದ್ರೆ ಅದೇ ಕೆಲಸದ ಗೆಳತಿ, ಜೊತೆಗೆ ಬರ್ತಾರೆ, ಮೈಸೂರಿನ ಆಶೋದಯ ಸಮಿತಿ ಥರ ಲೈಂಗಿಕ ಕಾರ್ಯಕರ್ತೆಯರೇ ನಡೆಸೋ ಸಂಘಗಳಿವೆ. ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಿಲ್ಲಾಂದ್ರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡ್ಲಿ, ಫ್ರೀ. ಆ ಜ್ವರದ ಅಕ್ಕನ್ನ ಮಾತ್ರ ತಡ ಮಾಡ್ದೆ ಕಳಿಸಿ, ಗರ್ಭಕೋಶದವರೆಗೂ ಸೋಂಕು ಏರಿರಬಹುದು. ಮುಟ್ಟು ತಪ್ಪಿದ್ಯಾ ಅಂತಾನೂ ಕೇಳಿ.

ಮೆಡಿಕಲ್ಸ್ ಹುಡುಗ:
ಥ್ಯಾಂಕ್ಸ್ ಅಕ್ಕಾ. ಸೆಫಿಕ್ಸಿಮ್ ವಿಷಯದಲ್ಲಿ ತಪ್ಪು ನಂದೇ, ಇನ್ಮೇಲೆ ಕೊಡಲ್ಲ. 1097 ನಂಬರ್ ಕೌಂಟರ್ ಮೇಲೆ ಅಂಟಿಸ್ಲಾ?

ಮಲ್ಲಿಗಿ ದಂಡಿ:
ಅಂಟಿಸಿದ್ರ ಯಾರೂ ನಿಂತು ಓದಂಗಿಲ್ಲ ಅಣ್ಣಾರ, ಹಿಂದ ಗಿರಾಕಿ ನಿಂತಿರ್ತಾನ. ಸಣ್ಣ ಚೀಟ್ಯಾಗ ಬರದು ನಿರೋಧ್, ಪ್ಯಾಡ್ ಕೊಡೂ ಕವರ್‌ನಾಗ ಹಾಕಿ ಕೊಡ್ರಿ. ಎಲ್ಲಾ ಹೆಣ್ಮಕ್ಕಳಿಗೂ ಹಾಕ್ರಿ, ನಮಗಷ್ಟ ಅಲ್ಲ.