ಟೈಲರಿಂಗ್ ಅಂದರೆ ಇಲ್ಲಿ ಹೊಲಿಗೆ ಅಲ್ಲ, ಮತ್ತೇನು?

ವಿಮಾನದ ಬಾಲದ ಬಗ್ಗೆ ಪಿಯುಸಿ ಮಕ್ಕಳಿಗೆ ಒಂದು ಸಣ್ಣ ಬರಹ ಬರೆಯುತ್ತಿದ್ದೇನೆ. ‘ಏರೋಇಲಾಸ್ಟಿಕ್ ಟೈಲರಿಂಗ್’ ಎಂಬುದಕ್ಕೆ ಕನ್ನಡ ಪದ ಸಿಗದೆ ಪೆನ್ನು ನಿಂತಿದೆ. ಮೊದಲ ಪದಕ್ಕೆ ಪಠ್ಯಪುಸ್ತಕದ ದಾರಿ ಹಿಡಿದರೆ ‘ವಾಯುಸ್ಥಿತಿಸ್ಥಾಪಕತೆ’. ಹೇಳಿ ಮುಗಿಸುವಷ್ಟರಲ್ಲಿ ವಿಮಾನ ಇಳಿದಿರುತ್ತದೆ. ಅದಿರಲಿ, ನನಗೆ ಜಾಸ್ತಿ ಕಾಟ ಕೊಡುತ್ತಿರುವುದು ಎರಡನೆಯದು. ಸುಮ್ನೆ ‘ಹೊಲಿಗೆ’ ಎಂದು ಬರೆದು ಹೊಡೆದುಹಾಕಿದೆ.

ಸಂಗತಿ ಇಷ್ಟು. ಹಾರುವಾಗ ಗಾಳಿಯ ಒತ್ತಡಕ್ಕೆ ರೆಕ್ಕೆ, ಬಾಲ ಎರಡೂ ಬಾಗುತ್ತವೆ, ತಿರುಚುತ್ತವೆ. ತಿರುಚಿದರೆ ಗಾಳಿ ತಾಗುವ ಕೋನ ಬದಲಾಗುತ್ತದೆ, ಅದರಿಂದ ಒತ್ತಡವೂ ಬದಲಾಗುತ್ತದೆ. ಒಂದನ್ನೊಂದು ಕೆಣಕುತ್ತ ಹೋದರೆ ಬಾಲ ಪಟಪಟ ಅದುರುತ್ತದೆ, ಮುರಿಯಲೂಬಹುದು. 1916ರಲ್ಲಿ ಬ್ರಿಟನ್ನಿನ ಹ್ಯಾಂಡ್ಲಿ ಪೇಜ್ ಬಾಂಬರಿನ ಬಾಲ ಹೀಗೇ ಅದುರಿತ್ತು. ಎಡ ಬಲದ ಎಲಿವೇಟರುಗಳು, ಅಂದರೆ ವಿಮಾನದ ಮೂತಿಯನ್ನು ಮೇಲೆ ಕೆಳಗೆ ಮಾಡುವ ಬಾಲದ ಹಲಗೆಗಳು, ಬೇರೆ ಬೇರೆಯಾಗಿ ಆಡುತ್ತಿದ್ದವು. ನಡುವೆ ಗಟ್ಟಿ ಕೊಳವೆ ಹಾಕಿ ಎರಡನ್ನೂ ಕಟ್ಟಿದರು. ಈಗ ಕಾರ್ಬನ್ ನಾರಿನ ಪದರಗಳು ಬಂದಿವೆ. ಯಾವ ಪದರದ ನಾರು ಯಾವ ಓರೆಯಲ್ಲಿ ಓಡಬೇಕು ಎಂದು ಲೆಕ್ಕ ಹಾಕಿ ಹಾಸುತ್ತಾರೆ. ಆಗ ಬಾಗಿದರೂ ನಮಗೆ ಬೇಕಾದ ಕಡೆಗೇ ತಿರುಚುತ್ತದೆ. ಇದೇ ಆ ‘ಟೈಲರಿಂಗ್’. 1984ರಲ್ಲಿ ಹಾರಿದ ಅಮೆರಿಕದ ಪ್ರಯೋಗದ ವಿಮಾನ ಎಕ್ಸ್-29ರ ಮುಂದಕ್ಕೆ ಚಾಚಿದ ರೆಕ್ಕೆ ಮುರಿಯದೆ ನಿಂತಿದ್ದು ಇದೇ ಉಪಾಯದಿಂದ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ನಮ್ಮ ಸೋದರಮಾವನಿಗೆ ಇದನ್ನು ಹೇಳಿದೆ. “ಇದು ಹೊಲಿಗಿ ಅಲ್ಲಪ್ಪ, ಕಟಿಂಗ್. ಎಳಿ ನೋಡಿ ಕತ್ತರಿ ಹಾಕಬೇಕು” ಅಂದರು. ಡೆನಿಮ್ ನೇಯ್ಗೆಯೇ ಓರೆ ಅಲ್ವಾ? ಒಗೆದ ಮೇಲೆ ಕೆಲವು ಪ್ಯಾಂಟಿನ ಕಾಲು ತಿರುಚಿ, ಪಕ್ಕದ ಹೊಲಿಗೆ ಮೊಣಕಾಲ ಮುಂದೆ ಬಂದು ಕೂರುತ್ತದೆ. ಅವರಿಗೆ ಅದು ತಲೆನೋವು. ವಿಮಾನದವರು ಅದೇ ತಿರುಚನ್ನು ಬೇಕೆಂದೇ ಮಾಡಿಸಿಕೊಳ್ಳುತ್ತಾರೆ.

ಹಾಗಾಗಿ ಹೊಲಿಗೆಗಿಂತ ‘ಎಳೆ’ಯ ಕಡೆಗೆ ನನ್ನ ಮನಸ್ಸು ವಾಲಿದೆ. ‘ಎಳೆಹೊಂದಿಕೆ’ ಎಂದರೆ ಹೇಗೆ? ಬರೀ ‘ಹೊಂದಿಕೆ’ ಸಪ್ಪೆ. ‘ಹದ’ ಎನ್ನುವ ಆಸೆಯೂ ಇತ್ತು, ಚೆಂದದ ಪದ. ಆದರೆ ಕಬ್ಬಿಣ ಕಾಯಿಸಿ ಹದ ಮಾಡುವುದು ನೆನಪಾಗುತ್ತದೆ, ದಿಕ್ಕಿನ ಮಾತೇ ಅದರಲ್ಲಿಲ್ಲ. ‘ಎಳೆಹೊಂದಿಕೆ’ಗೂ ಒಂದು ಕೊರತೆ ಇದೆ. ಪದರದ ದಪ್ಪವನ್ನು ಹೆಚ್ಚು ಕಡಿಮೆ ಮಾಡುವುದೂ ಈ ಕೆಲಸದಲ್ಲಿ ಸೇರುತ್ತದೆ, ಅದು ಈ ಪದದಲ್ಲಿ ಕಾಣುವುದಿಲ್ಲ.

ಬಟ್ಟೆಯನ್ನು ಓರೆಯಾಗಿ ಕತ್ತರಿಸುವುದಕ್ಕೆ ನಮ್ಮ ಟೈಲರುಗಳು ‘ಕ್ರಾಸ್’ ಎನ್ನುತ್ತಾರೆ. ಕೊಪ್ಪಳ, ರಾಯಚೂರು ಕಡೆಯ ನೇಕಾರರ ಮನೆಯವರು ಯಾರಾದರೂ ಇದ್ದರೆ ಹೇಳಿ: ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡ ಎಳೆ) ಬಿಟ್ಟು, ಎಳೆ ಓಡುವ ದಿಕ್ಕಿಗೇ ನಿಮ್ಮಲ್ಲಿ ಒಂದು ಪದ ಇದೆಯೇ?