ಖಗೋಳಶಾಸ್ತ್ರದ ಮೊದಲ ಪತ್ರಿಕೆಗೆ ಏನು ಓದಬೇಕು, ಏನು ಕೊಳ್ಳಬೇಕು?

ಕೊಪ್ಪಳದ ಬಿ.ಎಸ್ಸಿ. ವಿದ್ಯಾರ್ಥಿನಿ: ಈ ಸೆಮಿಸ್ಟರ್‌ನಲ್ಲಿ ಖಗೋಳಶಾಸ್ತ್ರದ ಪರಿಚಯ ಪತ್ರಿಕೆಯನ್ನು ಆಯ್ದುಕೊಂಡಿದ್ದೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಕಡಿಮೆ ಖರ್ಚಿನಲ್ಲಿ ಯಾವ ಪುಸ್ತಕ ಸಿಗುತ್ತದೆ, ದೂರದರ್ಶಕವನ್ನು ಕೊಳ್ಳಲೇಬೇಕೇ ಎಂಬುದನ್ನು ಅನುಭವವುಳ್ಳವರು ತಿಳಿಸಬೇಕೆಂದು ಕೋರುತ್ತೇನೆ.

ಬಳ್ಳಾರಿಯ ಉಪನ್ಯಾಸಕ: ಹಣ ಖರ್ಚು ಮಾಡುವ ಮೊದಲು ಅಮೆರಿಕದ ಓಪನ್‌ಸ್ಟ್ಯಾಕ್ಸ್ ಸಂಸ್ಥೆಯ 'ಅಸ್ಟ್ರಾನಮಿ' ಪುಸ್ತಕವನ್ನು ಇಳಿಸಿಕೊಳ್ಳಿ ತಂಗಿ. 2016ರಲ್ಲಿ ಹೊರಬಂದು 2022ರಲ್ಲಿ ಪರಿಷ್ಕರಣೆಗೊಂಡ ಈ ಪುಸ್ತಕ ಪಿಡಿಎಫ್ ರೂಪದಲ್ಲಿ ಉಚಿತವಾಗಿ ದೊರೆಯುತ್ತದೆ. ವಿಜ್ಞಾನದ ಹಿನ್ನೆಲೆ ಇಲ್ಲದವರಿಗೂ ತಿಳಿಯಲೆಂದು ಬರೆದದ್ದರಿಂದ ಇದರ ಇಂಗ್ಲಿಷ್ ಸರಳವಾಗಿದೆ. ಅದೇ ಕಾರಣಕ್ಕೆ ಗಣಿತ ತೆಳುವಾಗಿದೆ. ಐದು ಕಾಂತಿಮಾನಗಳ (ನಕ್ಷತ್ರದ ಹೊಳಪನ್ನು ಅಳೆಯುವ ಮಾನ) ಅಂತರವೆಂದರೆ ಪ್ರಕಾಶದಲ್ಲಿ 100 ಪಟ್ಟು ವ್ಯತ್ಯಾಸ ಎಂಬಂತಹ ಲಾಗರಿದಮ್ ಲೆಕ್ಕಗಳನ್ನು ನೀವು ಬೇರೆಯಾಗಿಯೇ ಅಭ್ಯಾಸ ಮಾಡಬೇಕಾಗುತ್ತದೆ.

ನನ್ನ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಆಕಾಶಗೋಳದ, ಅಂದರೆ ನಮ್ಮ ಸುತ್ತ ಗೋಳದಂತೆ ಕಲ್ಪಿಸಿಕೊಳ್ಳುವ ಆಕಾಶದ, ಅಧ್ಯಾಯದಲ್ಲಿ. ಅಮೆರಿಕದ ಪಠ್ಯಗಳಲ್ಲಿನ ಚಿತ್ರಗಳು ಸಾಮಾನ್ಯವಾಗಿ 40 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ ನಿಂತವರಿಗೆ ಕಾಣುವ ಆಕಾಶವನ್ನು ತೋರಿಸುತ್ತವೆ. ಅಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 40 ಡಿಗ್ರಿ ಎತ್ತರದಲ್ಲಿದ್ದರೆ ನಮ್ಮಲ್ಲಿ ಕೇವಲ 15 ಡಿಗ್ರಿಯಷ್ಟು ಮೇಲಿರುತ್ತದೆ. ಅಲ್ಲಿ ಹುಟ್ಟುವುದೇ ಇಲ್ಲದ ಅಗಸ್ತ್ಯ ನಕ್ಷತ್ರವು ಫೆಬ್ರುವರಿಯ ರಾತ್ರಿಗಳಲ್ಲಿ ನಮ್ಮ ದಕ್ಷಿಣ ದಿಕ್ಕಿನಲ್ಲಿ ಸುಮಾರು 22 ಡಿಗ್ರಿ ಮೇಲೇರುತ್ತದೆ. ಆದ್ದರಿಂದ ಯಾವುದೇ ಊರಿನ ಆಕಾಶವನ್ನು ತೋರಿಸುವ ಉಚಿತ ತಂತ್ರಾಂಶವಾದ ಸ್ಟೆಲೇರಿಯಮ್‌ನಲ್ಲಿ ನಿಮ್ಮ ಊರನ್ನು ಆಯ್ದುಕೊಂಡು, ಪುಸ್ತಕದ ಪ್ರತಿಯೊಂದು ಚಿತ್ರವನ್ನೂ ನಮ್ಮ ಅಕ್ಷಾಂಶಕ್ಕೆ ಹೊಂದಿಸಿ ನೋಟ್‌ಬುಕ್ಕಿನಲ್ಲಿ ಮತ್ತೆ ಬಿಡಿಸಿ.

ರಾಯಚೂರಿನ ಹಳೆಯ ವಿದ್ಯಾರ್ಥಿ: ದೂರದರ್ಶಕ ಬೇಡ. ಅಗ್ಗದವುಗಳ ಸ್ಟ್ಯಾಂಡ್ ಅಲುಗಾಡುತ್ತದೆ. ಅದಕ್ಕಿಂತ 10×50 ಅಳತೆಯ (ಹತ್ತು ಪಟ್ಟು ಹಿಗ್ಗಿಸುವ, 50 ಮಿ.ಮೀ. ಮಸೂರದ) ಬೈನಾಕ್ಯುಲರನ್ನು ಮಾಳಿಗೆಯ ಗೋಡೆಗೆ ಒತ್ತಿ ಹಿಡಿದರೆ ಗುರುಗ್ರಹದ ನಾಲ್ಕು ದೊಡ್ಡ ಉಪಗ್ರಹಗಳು ಕಾಣುತ್ತವೆ. ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ನೆಟ್ಟಗೆ ನಿಲ್ಲಿಸಿದ ಒಂದು ಕೋಲು. ನಮ್ಮ ಮೂರೂ ಜಿಲ್ಲೆಗಳಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ಬರುವುದು ಮೇ ಆರಂಭದಲ್ಲಿ ಮತ್ತು ಆಗಸ್ಟ್ ಎರಡನೆಯ ವಾರದ ಸುಮಾರಿಗೆ. ಆಗಸ್ಟ್‌ನಲ್ಲಿ ಮೋಡದ ಭಯವಿರುವುದರಿಂದ ಮೇ ತಿಂಗಳನ್ನೇ ನಂಬಿ. ಕೋಲಿನ ನೆರಳು ಮಾಯವಾಗುವುದು ಹನ್ನೆರಡಕ್ಕಲ್ಲ, 12.20ರ ಆಸುಪಾಸಿಗೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶವನ್ನು ಅನುಸರಿಸುತ್ತದೆ, ನಾವು ಅದಕ್ಕಿಂತ ಐದಾರು ಡಿಗ್ರಿ ಪಶ್ಚಿಮಕ್ಕಿದ್ದೇವೆ, ಒಂದು ಡಿಗ್ರಿಗೆ ನಾಲ್ಕು ನಿಮಿಷ. ಕಾಲಮಾಪನದ ಅಧ್ಯಾಯದ ಅರ್ಧಭಾಗ ಇಷ್ಟರಲ್ಲೇ ಇದೆ.

ಗಂಗಾವತಿಯ ಶಿಕ್ಷಕಿ: ಮೇಲಿನವರ ಮಾತನ್ನು ಒಪ್ಪುತ್ತೇನೆ. ಕನ್ನಡ ಮಾಧ್ಯಮದಿಂದ ಬಂದವರು ಜಿ.ಟಿ. ನಾರಾಯಣರಾವ್ ಹಾಗೂ ಬಿ.ಎಸ್. ಶೈಲಜಾ ಅವರ ಕನ್ನಡದ ಖಗೋಳ ಬರಹಗಳನ್ನು ಮೊದಲು ಓದಿಕೊಂಡರೆ ಇಂಗ್ಲಿಷ್ ಅಧ್ಯಾಯ ಅಷ್ಟು ಭಾರವೆನಿಸುವುದಿಲ್ಲ. ಗ್ರಂಥಾಲಯದಿಂದ ಯಾವ ಪುಸ್ತಕ ತಂದರೂ ಅದರ ಮುದ್ರಣದ ವರ್ಷವನ್ನು ನೋಡಿ: 2006ಕ್ಕಿಂತ ಹಳೆಯದರಲ್ಲಿ ಪ್ಲೂಟೊ ಇನ್ನೂ ಗ್ರಹವಾಗಿಯೇ ಇರುತ್ತದೆ, 1998ಕ್ಕಿಂತ ಹಳೆಯದರಲ್ಲಿ ವಿಶ್ವದ ವಿಸ್ತರಣೆ ವೇಗ ಪಡೆಯುತ್ತಿರುವ ಸಂಗತಿಯೇ ಇರುವುದಿಲ್ಲ. ಗ್ರಹಗಳ ಚಲನೆಯನ್ನು ಹೇಳುವ ಕೆಪ್ಲರನ ನಿಯಮಗಳಿಗೆ, ಗ್ರಹಣಗಳಿಗೆ ಹಳೆಯ ಪುಸ್ತಕವೂ ಸಾಕು.